ಎಡಗೈ ಮುಷ್ಟಿ

ಸೋಲಾಪುರ
೭ ಫೆಬ್ರುವರಿ ೧೯೯೩

ದೌಲತ್,

ನೀನು ಕಳಿಸಿದ ಪಾರ್ಸೆಲ್ಲು ನಿನ್ನೆ ಮುಟ್ಟಿತು. ಕೆಂಪು ಚಡ್ಡಿ, ಅದರ ಹಿಂದೆ ಹಳದಿ ಅಕ್ಷರದಲ್ಲಿ ‘ದೌಲತ್ ದಾಲ್ ಮಿಲ್, ಆಳಂದ’. ಅಲ್ಲ ಮಾರಾಯ, ಇಷ್ಟು ದೊಡ್ಡ ಸಾಹುಕಾರ ನೀನು, ಹೆಸರು ಬರೆಸಲು ನನ್ನ ಕುಂಡಿಯೇ ಬೇಕಾಯಿತೇ? ಜಿಮ್ಮಿನಲ್ಲಿ ನಮಗೆ ಕಲಿಸುವ ಮಾಸ್ತರರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. “ಅಖಾಡದಾಗ ಬೆನ್ನು ತೋರಿಸಿದ್ರ ಮಾತ್ರ ನಿನ್ನ ಗೆಳೆಯನ ಬ್ಯಾಳಿ ಮಾರಾಟ ಆಗ್ತದ. ಹಂಗಂತ ಓಡಿ ಹೋಗಬ್ಯಾಡ ಮತ್ತ” ಎಂದರು.

ತಮಾಷೆ ಇರಲಿ. ಪುಣೆಯ ಆಯ್ಕೆಯಲ್ಲಿ ಗೆದ್ದದ್ದಕ್ಕೆ ಏಪ್ರಿಲ್ ತಿಂಗಳ ಬ್ಯಾಂಕಾಕ್ ಪಂದ್ಯದ ಪಟ್ಟಿಯಲ್ಲಿ ನನ್ನ ಹೆಸರು ಬಂದಿದೆ. ಹಿರೋಳ್ಳಿಯ ಹುಡುಗ ಕಿಕ್ ಬಾಕ್ಸಿಂಗ್ ಆಡಲು ಸಮುದ್ರ ದಾಟುತ್ತಾನೆ ಎಂದರೆ ಅದಕ್ಕೆ ನೀನೇ ಕಾರಣ. ಇದನ್ನು ನಾನು ಮರೆಯುವವನಲ್ಲ. ಆಳಂದದ ಹೈಸ್ಕೂಲಿನಲ್ಲಿ ನಿನ್ನ ಪಾಲಿನ ಏಟನ್ನೆಲ್ಲ ನಾನು ತಿಂದದ್ದಕ್ಕೆ ಈಗ ಲೆಕ್ಕ ಚುಕ್ತಾ ಆಯಿತು ಎನ್ನಬೇಕು.

ಅಪ್ಪ ಇನ್ನೂ ಮುಖ ಕೊಟ್ಟು ಮಾತಾಡುತ್ತಿಲ್ಲ. ಕುಸ್ತಿಯಾಗಿದ್ದರೆ ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದರು. ಕಾಲಿನಿಂದ ಒದೆಯುವ ಆಟ ಅವರಿಗೆ ಸೇರದು. “ಯಾರಿಗರ ಕಾಲು ತಾಗಿದ್ರ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳೋ ಮಂದಿ ನಾವು. ನೀ ಬೇಕಂತ ಒದಿತೀ” ಎನ್ನುತ್ತಾರೆ. ಆ ಮಾತು ನನಗೆ ನಾಟಿದೆ. ಅದಕ್ಕೇ ಪ್ರತಿ ಪಂದ್ಯ ಮುಗಿದ ಮೇಲೆ ಎದುರಾಳಿಯ ಭುಜ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತೇನೆ. ಪುಣೆಯ ಹುಡುಗರು ಇದನ್ನು ನೋಡಿ ನಗುತ್ತಾರೆ. ನಗಲಿ ಬಿಡು.

ಒಂದೇ ಚಿಂತೆ ಎಂದರೆ ಇಷ್ಟಲಿಂಗದ್ದು. ಬರಿಮೈಯ ಆಟ, ಕೊರಳಲ್ಲಿ ದಾರವೂ ಇರಕೂಡದು. ಇಲ್ಲಿ ಕರಡಿಗೆ ಬಿಚ್ಚಿಟ್ಟು, ಲಿಂಗವನ್ನು ಅರಿವೆಯಲ್ಲಿ ಸುತ್ತಿ ತೋಳಿಗೆ ಕಟ್ಟಿ ಮೇಲೆ ಪಟ್ಟಿ ಅಂಟಿಸುತ್ತೇನೆ. ಈ ಕಡೆಯ ರೆಫ್ರಿಗಳು ನಮ್ಮ ಜನರನ್ನು ಕಂಡವರು, ಮುಟ್ಟಿ ನೋಡಿ ಬಿಟ್ಟುಬಿಡುತ್ತಾರೆ. ಬ್ಯಾಂಕಾಕಿನಲ್ಲಿ ಹೇಗೋ ಏನೋ. ಅದಕ್ಕೇ ಮಾಸ್ತರರು ಜೊತೆಗೆ ಬರಲೇಬೇಕು, ಅವರಿಗೆ ಕಾಯದೆ ಗೊತ್ತು, ಇಂಗ್ಲಿಷೂ ಗೊತ್ತು. ಮಿಲ್ಲಿನಿಂದ ಇಬ್ಬರ ಟಿಕೆಟ್ಟು ಎಂದಿದ್ದೀಯಲ್ಲ, ಎರಡನೆಯದು ಅವರದೇ ತಾನೇ?

ಅವ್ವ ಬಜಾರಿಗೆ ಬಂದರೆ ಮಾತಾಡಿಸು.

ನಿನ್ನ ಬೆಂಚಿನವ,
ಶಿವರಾಯ

*

ಆಳಂದ
೨೧ ಫೆಬ್ರುವರಿ ೧೯೯೩

ಶಿವ್ಯಾ,

ಎದೆಯ ಮೇಲೆ ಬರೆಸೋಣ ಎಂದರೆ ನೀನು ಅಂಗಿಯನ್ನೇ ಹಾಕುವುದಿಲ್ಲ. ನಾನೇನು ಮಾಡಲಿ ಹೇಳು.

ಮೊದಲೇ ಹೇಳಿಬಿಡುತ್ತೇನೆ, ಸಿಟ್ಟಾಗಬೇಡ. ಎರಡನೆಯ ಟಿಕೆಟ್ಟನ್ನು ನನ್ನ ಹೆಸರಿಗೇ ಮಾಡಿಸಿದ್ದೇನೆ. ಬಜಾರಿನಲ್ಲಿ ಎಲ್ಲರಿಗೂ ಬ್ಯಾಂಕಾಕಿಗೆ ಹೊರಟಿದ್ದೇನೆ ಎಂದು ಹೇಳಿ ಆಗಿದೆ. ಅಡತಿಯವರು ಹಾರ ಹಾಕುವ ಮಾತಾಡುತ್ತಿದ್ದಾರೆ. ಈಗ ಹಿಂದೆ ಸರಿದರೆ ಮುಖ ಎಲ್ಲಿಟ್ಟುಕೊಳ್ಳಲಿ? ಅದೂ ಅಲ್ಲದೆ ನಿಮ್ಮ ಮಾಸ್ತರರು ಅಲ್ಲಿ ಮಾಡುವುದಾದರೂ ಏನು? ಮೂಲೆಯಲ್ಲಿ ಕೂತು ನೀರು ಕುಡಿಸುವುದು, ಟವೆಲ್ಲು ಬೀಸುವುದು, ಕೈಗೆ ಪಟ್ಟಿ ಸುತ್ತುವುದು. ನಾನು ಸೋಲಾಪುರಕ್ಕೆ ಬಂದು ಒಂದು ವಾರ ಕೂತು ಕಲಿಯುತ್ತೇನೆ. ಬೇಳೆಯ ಚೀಲದ ಬಾಯಿ ಹೊಲಿದ ಕೈ ಇದು, ಒಂದು ಪಟ್ಟಿ ಸುತ್ತಲಾರದೇ?

ಕಾಯದೆ ಕಾನೂನು ಎಂದು ತಲೆ ಕೆಡಿಸಿಕೊಳ್ಳಬೇಡ. ದುಡ್ಡು ಹಾಕುವವನ ಮಾತು ಎಲ್ಲ ದೇಶದಲ್ಲೂ ಒಂದಿಷ್ಟು ನಡೆಯುತ್ತದೆ.

ನಿಮ್ಮ ಅಪ್ಪ ಅಣವೀರಪ್ಪ ಕಾಕಾ ಮೊನ್ನೆ ಮಿಲ್ಲಿಗೆ ಬಂದಿದ್ದರು. ತೊಗರಿ ಮಾರಲು ಬಂದವರು ರೇಟು ಸಹ ಕೇಳಲಿಲ್ಲ. ನನ್ನ ಗದ್ದುಗೆಯ ಎದುರು ನಿಂತು, “ತಮ್ಮಾ, ಅಂವ ಗೆಲ್ತಾನೋ ಸೋಲ್ತಾನೋ ನನಗ ಬ್ಯಾಡ. ಲಿಂಗ ಮೈ ಬಿಟ್ಟು ಹೋಗಬಾರದು, ಹೊಕ್ಕಳ ಕೆಳಗ ಇಳಿಬಾರದು. ನೀ ಜೋಡಿ ಹೊಂಟೀದಿ ಅಂತ ಕೇಳೀನಿ. ಇಷ್ಟ ನೋಡ್ಕೊಂಡ್ರ ಸಾಕು” ಎಂದರು. ನಾನು ಗದ್ದುಗೆ ಇಳಿದು ಬಂದು ಅವರ ಕಾಲು ಮುಟ್ಟಿ ಮಾತು ಕೊಟ್ಟಿದ್ದೇನೆ. ಹೋಗುವಾಗ ನಕ್ಕರು ಕೂಡ. ನಿನಗೆ ತೋರಿಸದ ನಗು ನನಗೆ ತೋರಿಸಿದರು ನೋಡು.

ದಿನಾಲೂ ಹಾಲು ತತ್ತಿ ಎಂದು ಮಾಸ್ತರರು ಹೇಳಿದರೆ ತತ್ತಿ ಮಾತ್ರ ಬಿಡು. ಹಾಲಿನ ಖರ್ಚು ನನ್ನದು.

ನಿನ್ನ ದೌಲತ್

*

ಸೋಲಾಪುರ
೪ ಮೇ ೧೯೯೩

ದೌಲತ್,

ಮುಂಬಯಿ ವಿಮಾನ ನಿಲ್ದಾಣದಲ್ಲಿ “ಆಮ್ಯಾಲ ಮಾತಾಡೋಣು” ಎಂದು ಟ್ಯಾಕ್ಸಿ ಹತ್ತಿದವನು ನೀನು. ಆ ಆಮೇಲೆ ಇನ್ನೂ ಬಂದಿಲ್ಲ. ಮಿಲ್ಲಿಗೆ ಫೋನು ಮಾಡಿದರೆ ನಿನ್ನ ಮುನೀಮ, ಸಾಹುಕಾರರು ಅಫಜಲಪುರಕ್ಕೆ ಹೋಗಿದ್ದಾರೆ ಎನ್ನುತ್ತಾನೆ. ದಿನಾಲೂ ಹೋಗುವಂಥದ್ದು ಅಫಜಲಪುರದಲ್ಲಿ ಏನಿದೆ?

ನಡೆದದ್ದನ್ನು ನಿನಗೇ ಬರೆದು ತಿಳಿಸಬೇಕಾಗಿದೆಯಲ್ಲ, ಅದೇ ನನಗೆ ನಾಚಿಕೆ. ಆದರೂ ಬರೆಯುತ್ತೇನೆ. ನೀನು ಬೇರೆ ಏನೇನೋ ಹೇಳಿಕೊಂಡು ತಿರುಗುತ್ತಿದ್ದೀ ಎಂದು ಕೇಳಿದ್ದೇನೆ.

ಪಂದ್ಯಕ್ಕೆ ಮುಂಚೆ ಅಲ್ಲಿಯ ಅಧಿಕಾರಿ ಬಂದು ನನ್ನ ತೋಳಿನ ಪಟ್ಟಿ ನೋಡಿ, ತಲೆಯಾಡಿಸಿ, ತಾನೇ ಕತ್ತರಿ ಹಾಕಿದ. ಲಿಂಗ ನನ್ನ ಕೈಗೆ ಬಂತು. ಕೊರಳಿಗೆ ಕೂಡದು, ತೋಳಿಗೆ ಕೂಡದು. ನಡುವಿಗೆ ಕಟ್ಟಿದರೆ ಹೊಕ್ಕಳ ಕೆಳಗೆ. ಕೋಣೆಯಲ್ಲಿ ಬಿಟ್ಟು ಹೋಗುವುದಂತೂ ಆಗದ ಮಾತು. ಹೊರಗೆ ನನ್ನ ಹೆಸರು ಕೂಗುತ್ತಿದ್ದರು. ಆಗ ನೀನು, “ಎಡಗೈ ಅಂಗೈಯಾಗ ಇಡು. ಪೂಜಾ ಮಾಡೂ ಜಾಗಾನೇ ಅದಲ್ಲೇನು? ಅದಕ್ಕಿಂತ ಛಲೋ ಜಾಗಾ ಎಲ್ಲದ?” ಎಂದೆ. ನಡೆಯುತ್ತದೇನೋ ಎಂದು ನಾನು ಕೇಳಿದೆ. “ಬಿಗಿಯಾಗಿ ಕಟ್ತೇನಿ. ಜಾರಬಾರದು, ಅಷ್ಟ” ಎಂದೆ. ನೀನೇ ಅರಿವೆ ಸುತ್ತಿದೆ, ನೀನೇ ಪಟ್ಟಿ ಕಟ್ಟಿದೆ, ಗ್ಲೋವ್ಸ್ ತೊಡಿಸುವ ಮುಂಚೆ ನನ್ನ ಮುಷ್ಟಿಯನ್ನು ಹಣೆಗೆ ಒತ್ತಿಕೊಂಡೆ. ಇಬ್ಬರಿಗೂ ಕಣ್ಣು ತುಂಬಿ ಬಂದಿದ್ದವು. ನೆನಪಿದೆಯೋ ಇಲ್ಲವೋ?

ಎದುರಿಗೆ ಫಿಲಿಪೀನ್ಸಿನ ಹುಡುಗ, ನನಗಿಂತ ಚುರುಕು. ಮೊದಲ ಸುತ್ತು ಅವನದೇ. ಎರಡನೆಯದರಲ್ಲಿ ನನ್ನ ಎಡಗೈಗೆ ಎಲ್ಲಿಂದಲೋ ಬಲ ಬಂತು. ತಾಗಿದಲ್ಲೆಲ್ಲ ಅವನು ತತ್ತರಿಸುತ್ತಿದ್ದ. ಲಿಂಗ ಕೈಯಲ್ಲಿದೆ, ಅದರ ಬಲ ಎಂದುಕೊಂಡು ನಾನು ಖುಷಿಪಟ್ಟೆ ದೌಲತ್. ಮೂರನೆಯದರಲ್ಲಿ ಅವನ ಕೆನ್ನೆಯ ಎಲುಬು ಮುರಿಯಿತು. ಆ ಸದ್ದು ಕೇಳಿದ ರೆಫ್ರಿ ನೇರ ನನ್ನ ಕಡೆಗೆ ಬಂದು ಎಡಗೈ ಹಿಡಿದು ಹಿಸುಕಿ ನೋಡಿದ. ಅಷ್ಟು ಜನರ ಎದುರು ಗ್ಲೋವ್ಸ್ ಕಳಚಿ, ಪಟ್ಟಿ ಕೊಯ್ದು, ಲಿಂಗವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಎಲ್ಲರಿಗೂ ತೋರಿಸಿದ. ಜನ ಕಿರುಚಿದರು. ನನಗೆ ಒಂದು ಕ್ಷಣ ಅವರು ಯಾಕೆ ಕಿರುಚುತ್ತಿದ್ದಾರೆ ಎಂದೇ ತಿಳಿಯಲಿಲ್ಲ. ಆ ಹುಡುಗನ ಭುಜ ಮುಟ್ಟಲು ಹೋದರೆ ಅವನ ಕಡೆಯವರು ನನ್ನನ್ನು ತಳ್ಳಿದರು.

ಆಮೇಲೆ ದುಭಾಷಿಯನ್ನು ಕರೆಸಿ ನಿನ್ನನ್ನು ಕೇಳಿದರು, ಇದು ಏನು, ನಿನಗೆ ಗೊತ್ತೇ ಎಂದು. ಹಿಂದಿಯಲ್ಲೇ ಕೇಳಿದರು. ನೀನು ತಲೆ ಅಲ್ಲಾಡಿಸಿದೆ. ನಿನ್ನ ಕೊರಳಲ್ಲಿ, ಅಂಗಿಯ ಒಳಗೆ, ನಿನ್ನ ಲಿಂಗ ಇತ್ತು.

ಲಿಂಗವನ್ನು ಕಾಗದದ ಕವರಿನಲ್ಲಿ ಹಾಕಿ ಮೊಹರು ಮಾಡಿಟ್ಟುಕೊಂಡಿದ್ದಾರೆ. ಕೈಯಲ್ಲಿ ಕಲ್ಲು ಹಿಡಿದು ಹೊಡೆದವನು ಎಂದು ನನ್ನನ್ನು ಜೀವಮಾನ ಪೂರ್ತಿ ಹೊರಗಿಟ್ಟಿದ್ದಾರೆ. ಮಾಸ್ತರರು ಅಲ್ಲಿಗೆ ಬರೆದು ವಿಚಾರಿಸಿದರು. ಮೂಲೆಯಲ್ಲಿದ್ದವನು, ಅಂದರೆ ನೀನು, ಇದು ನಮ್ಮ ದೇವರು, ನಾನೇ ಕಟ್ಟಿದೆ, ಮೋಸದ ಉದ್ದೇಶ ಇರಲಿಲ್ಲ ಎಂದು ಬರೆದು ಸಹಿ ಮಾಡಿದರೆ ಮತ್ತೆ ವಿಚಾರ ಮಾಡುತ್ತಾರಂತೆ, ಲಿಂಗವನ್ನೂ ವಾಪಸು ಕೊಡುತ್ತಾರಂತೆ. ಒಂದು ಹಾಳೆಯಷ್ಟು ಸತ್ಯ ಸಾಕು. ಇಂಗ್ಲಿಷಿಗೆ ಮಾಸ್ತರರು ಮಾಡುತ್ತಾರೆ. ಕೂಡಲೇ ಬರೆ.

ಶಿವರಾಯ

*

ಆಳಂದ
೩೦ ಮೇ ೧೯೯೩

ಪ್ರೀತಿಯ ಶಿವ್ಯಾ,

ನಿನ್ನ ಪತ್ರ ಓದಿ ಎರಡು ದಿನ ಊಟ ಸೇರಲಿಲ್ಲ. ಬೇಕಾದರೆ ಮನೆಯವಳನ್ನು ಕೇಳು.

ಆದರೆ ನೀನು ನನ್ನ ಜಾಗದಲ್ಲಿ ನಿಂತು ಸ್ವಲ್ಪ ವಿಚಾರ ಮಾಡು. ಪರದೇಶ, ಎದುರಿಗೆ ಪೊಲೀಸರು ಬೇರೆ ನಿಂತಿದ್ದರು. ಆ ಹುಡುಗ ಮಲಗಿದ್ದಾನೆ, ರಕ್ತ ಹರಿಯುತ್ತಿದೆ. ನಾನೇ ಕಟ್ಟಿದೆ ಎಂದಿದ್ದರೆ ಇಬ್ಬರನ್ನೂ ಅಲ್ಲೇ ಇಟ್ಟುಕೊಳ್ಳುತ್ತಿದ್ದರು. ಒಬ್ಬನಾದರೂ ಹೊರಗೆ ಇರಬೇಕಲ್ಲ ಎಂದು ನಾನು ತಲೆ ಅಲ್ಲಾಡಿಸಿದೆ. ನಿನ್ನನ್ನು ವಿಮಾನ ಹತ್ತಿಸಿ ಕರೆತಂದವನು ನಾನೇ ಅಲ್ಲವೇ? ಅದನ್ನು ನೀನು ಬರೆಯಲೇ ಇಲ್ಲ.

ಈಗ ಬರೆದು ಕೊಡು ಎನ್ನುತ್ತೀ. ಮಿಲ್ಲಿನ ಹೆಸರು ಚಡ್ಡಿಯ ಮೇಲಿದೆ. ನಾನು ಸಹಿ ಮಾಡಿದರೆ, ದೌಲತ್ ದಾಲ್ ಮಿಲ್ಲಿನವರೇ ಮೋಸ ಮಾಡಿಸಿದರು ಎಂದಾಗುತ್ತದೆ. ಇಲ್ಲಿ ಬಜಾರಿನಲ್ಲಿ ನೀನು ಜ್ವರ ಬಂದು ಆಡಲಾಗಲಿಲ್ಲ ಎಂದು ಹೇಳಿದ್ದೇನೆ, ನಿನ್ನ ಮಾನಕ್ಕಾಗಿಯೇ ಹೇಳಿದ್ದೇನೆ. ಅದನ್ನು ಈಗ ಕೆದಕುವುದು ಬೇಡ. ಜನ ಮರೆಯುತ್ತಾರೆ.

ಲಿಂಗದ ಬಗ್ಗೆ ಇಷ್ಟು ಸಂಕಟ ಯಾಕೆ? ಮಠಕ್ಕೆ ಹೋಗಿ ಅಯ್ಯನವರ ಕೈಯಿಂದ ಹೊಸದು ಕಟ್ಟಿಸೋಣ. ಬೆಳ್ಳಿಯ ಕರಡಿಗೆ ನಾನು ಮಾಡಿಸಿಕೊಡುತ್ತೇನೆ, ಮೊದಲಿನದಕ್ಕಿಂತ ದೊಡ್ಡದು. ನಿನ್ನ ಮೈ ಗಟ್ಟಿ ಇದೆ, ಮಿಲ್ಲಿನ ಗೋದಾಮು ನೋಡಿಕೊಂಡು ಇಲ್ಲೇ ಇರು. ಆಟ ಎಷ್ಟು ದಿನ ಆಡುತ್ತೀ?

ಬಿಸಿಲು ಇಳಿದ ಮೇಲೆ ಬಾ, ಕೂತು ಮಾತಾಡೋಣ.

ಎಂದೂ ನಿನ್ನವನೇ,
ದೌಲತ್

*

ಹಿರೋಳ್ಳಿ
೧೮ ಜುಲೈ ೧೯೯೩

ಚಿ. ಶಿವರಾಯನಿಗೆ,

ನಿಮ್ಮ ಅವ್ವ ಸೋಲಾಪುರಕ್ಕೆ ಬಂದು ಹೋದಾಗಿನಿಂದ ಬಾಯಿ ಬಿಡದೆ ಅಳುತ್ತಿದ್ದಳು. ನಿನ್ನೆ ಹೇಳಿದಳು. ನೀನು ಸ್ನಾನ ಮಾಡಿ ಬಂದಾಗ ಕೊರಳು ಬರಿದಾಗಿತ್ತು, ಪೂಜೆ ಇಲ್ಲದೆ ಊಟಕ್ಕೆ ಕೂತೆ ಎಂದು.

ನಾನು ಆಳಂದಕ್ಕೆ ಹೋಗಿ ದೌಲತರಾಯನನ್ನು ಕೇಳಿದೆ. ಅವನು ಮೊದಲು ಜ್ವರ ಎಂದ. ಒತ್ತಿ ಕೇಳಿದ ಮೇಲೆ ಕಣ್ಣೀರು ತೆಗೆದು, “ನಾ ಬ್ಯಾಡ ಅಂದೆ ಕಾಕಾ. ಅಂವ ಕೇಳಲಿಲ್ಲ. ಗೆಲ್ಲಬೇಕಂತ ಹಟ. ಲಿಂಗ ಮುಷ್ಟಿಯಾಗ ಹಿಡಕೊಂಡ” ಎಂದ.

ನಿನಗೆ ಲಿಂಗ ಕಟ್ಟಿದ ದಿನ ಅದು ಕೂರುವಷ್ಟು ಅಗಲ ನಿನ್ನ ಅಂಗೈ ಇರಲಿಲ್ಲ. ಅವ್ವನ ಕೈ ಮೇಲೆ ನಿನ್ನ ಕೈ ಇಟ್ಟು ಪೂಜೆ ಮಾಡಿಸಿದೆವು. ಅದು ಕಳೆದುಹೋಗಿದ್ದರೆ ನಾನು ಅತ್ತು ಸುಮ್ಮನಾಗುತ್ತಿದ್ದೆ. ನೀನು ಅದನ್ನು ಹಿಡಿದು ಒಬ್ಬ ಮನುಷ್ಯನ ಮುಖ ಒಡೆದೆ. ಲಿಂಗವನ್ನು ಕಲ್ಲು ಮಾಡಿದೆ. ಕಾಲಿನಿಂದ ಒದೆಯಬೇಡ ಎಂದಿದ್ದೆ. ನೀನು ಅದಕ್ಕಿಂತ ಕೆಳಗೆ ಇಳಿಯುವೆ ಎಂದು ನನಗೆ ಗೊತ್ತಿರಲಿಲ್ಲ.

ಹೊಸದು ಕಟ್ಟಿಸುತ್ತೇನೆ ಎಂದು ದೌಲತರಾಯ ಹೇಳಿದ. ಅಪ್ಪ ಸತ್ತರೆ ಹೊಸ ಅಪ್ಪನನ್ನು ತರುತ್ತಾರೇನು?

ಆ ಲಿಂಗ ಮೈಮೇಲೆ ಬರುವ ತನಕ ಈ ಹೊಸ್ತಿಲು ತುಳಿಯಬೇಡ.

ಅಣವೀರಪ್ಪ

*

ಸೋಲಾಪುರ
೨೫ ಜುಲೈ ೧೯೯೩

ಅಪ್ಪನವರ ಪಾದಕ್ಕೆ ಶಿವರಾಯ ಶರಣು ಹೇಳುತ್ತಾನೆ.

ನಿಮ್ಮ ಪತ್ರವನ್ನು ಓದಿದೆ. ಆಣೆ ಮಾಡುವುದಿಲ್ಲ, ನೀವು ಆಣೆಯನ್ನು ನಂಬುವವರಲ್ಲ. ನಡೆದದ್ದನ್ನು ಮಾತ್ರ ಹೇಳುತ್ತೇನೆ.

ಮೈ ಬಿಡಬಾರದು, ಹೊಕ್ಕಳ ಕೆಳಗೆ ಇಳಿಯಬಾರದು ಎಂದು ನೀವು ಹೇಳಿದ್ದಿರಿ. ಅಲ್ಲಿ ಕೊರಳಿಗೂ ತೋಳಿಗೂ ಬೇಡವೆಂದರು. ಉಳಿದದ್ದು ಅಂಗೈ ಒಂದೇ. ಅಂಗೈಯಲ್ಲಿಡು ಎಂದವನು ದೌಲತ್, ಕಟ್ಟಿದವನೂ ಅವನೇ. ಅವನು ಬೇಡ ಎನ್ನಲಿಲ್ಲ. ನಾನೂ ಬೇಡ ಎನ್ನಲಿಲ್ಲ. ದಿನಾ ಮುಂಜಾನೆ ಎಡಗೈಯಲ್ಲಿಟ್ಟು ನೋಡುತ್ತಿದ್ದುದನ್ನು ಎಡಗೈಯಲ್ಲಿ ಇಟ್ಟುಕೊಂಡೆ, ಅಷ್ಟೇ.

ಅದು ಕಲ್ಲು ಎಂದು ನನಗೆ ಹೊಳೆಯಲೇ ಇಲ್ಲ ಅಪ್ಪಾ. ನಿಮ್ಮ ಮಗನಲ್ಲದ ಬೇರೆ ಯಾರಿಗಾದರೂ ಹೊಳೆಯುತ್ತಿತ್ತು.

ಆ ಹುಡುಗನ ಕೆನ್ನೆ ಕೂಡಿಕೊಂಡಿದೆ ಎಂದು ಮಾಸ್ತರರಿಗೆ ಪತ್ರ ಬಂದಿದೆ. ನಾನು ಅವನಿಗೆ ಬರೆದಿದ್ದೇನೆ, ಅವನು ಉತ್ತರ ಬರೆದಿಲ್ಲ. ನೀವಾದರೂ ಬರೆಯಿರಿ. ಬೈದು ಬರೆದರೂ ಆದೀತು.

ಅವ್ವನಿಗೆ ಹೇಳಿ, ನಾನು ಈಗ ಒಂದೇ ಹೊತ್ತು ಉಣ್ಣುತ್ತಿದ್ದೇನೆ. ಪೂಜೆ ಇಲ್ಲದೆ ಎರಡು ಹೊತ್ತು ಉಣ್ಣಲು ಆಗುತ್ತಿಲ್ಲ.

ನಿಮ್ಮ ಶಿವರಾಯ

*

ಸೋಲಾಪುರ
೨ ನವೆಂಬರ್ ೧೯೯೩

ದೌಲತ್,

ಭೂಕಂಪದ ಮರುದಿನ ನಾನು ಹಿರೋಳ್ಳಿಗೆ ಓಡಿ ಬಂದಿದ್ದೆ. ಮನೆಯ ಹಿಂದಿನ ಗೋಡೆ ಪೂರ್ತಿ ಕೂತಿದೆ, ಮುಂದಿನದು ಸೀಳಿದೆ. ಅಪ್ಪ ಅವ್ವ ಹೊಲದಲ್ಲಿ ತಗಡಿನ ಕೆಳಗೆ ಇದ್ದರು. ತುಳಿಯಲು ಅಲ್ಲಿ ಹೊಸ್ತಿಲೇ ಇರಲಿಲ್ಲ. ಆದರೂ ಅಪ್ಪ ನನ್ನನ್ನು ಹೊರಗೇ ನಿಲ್ಲಿಸಿದರು. ನಾನು ದಿನವೆಲ್ಲ ಕಲ್ಲು ಹೊತ್ತು ಹಾಕಿದೆ. ಅವ್ವ ರೊಟ್ಟಿ ತಂದು ಕೊಟ್ಟಳು. ಅಪ್ಪ ಮುಖ ತಿರುಗಿಸಿಕೊಂಡೇ ಕೂತಿದ್ದರು, ಹೋಗುವಾಗ ಅವ್ವನಿಗೆ, “ಅವನ ಕೊರಳಾಗ ಏನರ ಅದ ಏನ ನೋಡು” ಎಂದದ್ದು ಮಾತ್ರ ಕೇಳಿಸಿತು.

ನೀನು ಕಂಬಳಿ, ಬೇಳೆ ಹಂಚಿದ ಫೋಟೋವನ್ನು ಪೇಪರಿನಲ್ಲಿ ನೋಡಿದೆ. ಆ ಫೋಟೋದಲ್ಲಿ ಕೈ ಚಾಚಿದವರ ಸಾಲಿನಲ್ಲಿ ನಮ್ಮ ಅವ್ವ ಇದ್ದಾಳೆ. ನೀನು ಗುರುತಿಸಿದೆಯೋ ಇಲ್ಲವೋ.

ಬ್ಯಾಂಕಾಕಿನವರು ಕೊಟ್ಟ ಅವಧಿ ದಸರೆಗೇ ಮುಗಿಯಿತು. ಪ್ರಕರಣ ಮುಚ್ಚಿದ್ದೇವೆ, ವಸ್ತುವನ್ನು ಮರಳಿಸಲಾಗದು ಎಂದು ಬರೆದಿದ್ದಾರೆ. ವಸ್ತು! ಹೋಗಲಿ, ಆಟದ ಆಸೆಯನ್ನು ನಾನು ಬಿಟ್ಟೆ. ಜಿಮ್ಮಿನಲ್ಲಿ ಚಾಪೆ ಗುಡಿಸಿ, ಸಣ್ಣವರಿಗೆ ಕಲಿಸುತ್ತಿದ್ದೇನೆ. ಜನ ನನ್ನನ್ನು ಏನೆಂದು ಕರೆದರೂ ಈಗ ಕಿವಿಗೆ ಹಾಕಿಕೊಳ್ಳುವುದಿಲ್ಲ. ನಾಳೆ ಸತ್ತರೆ ನಮ್ಮವರನ್ನೆಲ್ಲ ಕೂರಿಸುವಂತೆ ನನ್ನನ್ನೂ ಗುಣಿಯಲ್ಲಿ ಕೂರಿಸುತ್ತಾರೆ, ಎಡಗೈಯಲ್ಲಿ ಇಡಲು ಮಾತ್ರ ಏನೂ ಇರುವುದಿಲ್ಲ. ಅದನ್ನೂ ಒಪ್ಪಿಕೊಂಡೆ.

ಒಂದನ್ನು ಮಾತ್ರ ಒಪ್ಪಲಾರೆ. ನಾನು ಬೇಕೆಂದೇ ಮಾಡಿದೆ ಎಂದು ಅಪ್ಪ ತಿಳಿದಿದ್ದಾರೆ. ನೀನು ಹೇಳಿದ್ದನ್ನು ನಂಬಿದ್ದಾರೆ. ನನ್ನ ಪತ್ರವನ್ನು ಅವರು ಮುಟ್ಟಲಿಲ್ಲವಂತೆ, ಅವ್ವ ಓದಿ ಹೇಳಿದರೆ, ಸಿಕ್ಕಿಬಿದ್ದ ಕಳ್ಳ ಹೀಗೇ ಬರೆಯುತ್ತಾನೆ ಎಂದರಂತೆ. ಅಲ್ಲಿಯವರಿಗೆ ನೀನು ಬರೆಯುವುದು ಬೇಡ. ಪೇಪರಿನವರಿಗೆ ಬೇಡ, ಬಜಾರಿಗೆ ಬೇಡ. ಅಪ್ಪನಿಗೊಂದು ಕಾರ್ಡು ಬರೆ. ‘ಕಾಕಾ, ಅಂಗೈಯಲ್ಲಿ ಇಡು ಎಂದವನು ನಾನು’ ಅಂತ ಒಂದೇ ಸಾಲು. ಅವರು ಕಾಲಿಗೆ ಬೀಳಿಸಿಕೊಂಡು ಮಾತು ತೆಗೆದುಕೊಂಡದ್ದು ನಿನ್ನಿಂದ, ನನ್ನಿಂದಲ್ಲ.

ಹೊಲದಲ್ಲಿ ಚಳಿ ಬಹಳ. ಅಪ್ಪನಿಗೆ ಕೆಮ್ಮು ಹಿಡಿದಿದೆ ಎಂದು ಅವ್ವ ಹೇಳಿ ಕಳಿಸಿದ್ದಾಳೆ. ತಡ ಮಾಡಬೇಡ.

ಶಿವರಾಯ

*

ಆಳಂದ
೨೦ ಜನವರಿ ೧೯೯೪

ಶಿವ್ಯಾ,

ಸಂಕ್ರಮಣದ ಎಳ್ಳು ಬೆಲ್ಲ ಕಳಿಸಿದ್ದೇನೆ. ಉತ್ತರ ತಡವಾಯಿತು. ಭೂಕಂಪದ ಕಮಿಟಿಗೆ ನನ್ನನ್ನೇ ಅಧ್ಯಕ್ಷ ಮಾಡಿದ್ದಾರೆ. ಮುಂಜಾನೆಯಿಂದ ತಗಡು, ಸಿಮೆಂಟು ಎಂದು ಮಂದಿ ಬಾಗಿಲಿಗೆ ಬರುತ್ತಾರೆ.

ಕಾಕಾನ ವಿಷಯ ನನ್ನ ಮನಸ್ಸಿನಲ್ಲಿ ಇದ್ದೇ ಇದೆ. ಆದರೆ ಕಾರ್ಡು ಬೇಡ. ಬರೆದದ್ದು ಉಳಿದುಬಿಡುತ್ತದೆ, ನಾಳೆ ಯಾರ ಕೈಗೋ ಸಿಗುತ್ತದೆ. ನಾನೇ ಜೀಪು ತೆಗೆದುಕೊಂಡು ಹಿರೋಳ್ಳಿಗೆ ಹೋಗಿ, ಅವರ ಎದುರು ಕೂತು ಬಾಯಿಂದ ಹೇಳುತ್ತೇನೆ. ಶಿವರಾತ್ರಿಯ ಒಳಗೆ ಹೋಗಿ ಬರುವುದು ಖರೆ.

ಇನ್ನೊಂದು ಸುದ್ದಿ. ಜೇವರ್ಗಿ ತಾಲೂಕಿನ ಯಡ್ರಾಮಿಯ ಒಬ್ಬ ಎಳೆಯ ಪಟ್ಟಾ, ಪೈಲ್ವಾನ ಹುಡುಗ ಸಿಕ್ಕಿದ್ದಾನೆ, ಒಳ್ಳೆ ಕಾಲು. ಮೇ ತಿಂಗಳಲ್ಲಿ ಕೊಲಂಬೋ ಪಂದ್ಯಕ್ಕೆ ಅವನನ್ನು ಮಿಲ್ಲಿನಿಂದ ಕಳಿಸುತ್ತಿದ್ದೇನೆ. ಅವರದೂ ನಮ್ಮಂಥದೇ ಮನೆತನ. ಮೊದಲ ದಿನವೇ ಕರೆದು ಹೇಳಿದೆ, “ತಮ್ಮಾ, ಲಿಂಗ ನಿಮ್ಮ ಅವ್ವನ ಕೈಯಾಗ ಕೊಟ್ಟು ಬಾ. ಹಿಂದ ಒಬ್ಬನ ಅಂಗೈಯಾಗ ಕಟ್ಟಿ ನಾ ಕೈ ಸುಟಗೊಂಡೀನಿ” ಎಂದು. ನಗುತ್ತ ಒಪ್ಪಿಕೊಂಡ. ಈಗಿನ ಹುಡುಗರು ನಿನ್ನ ಹಾಗೆ ಅಲ್ಲ.

ಅವನಿಗೆ ನೀನೇ ಕಲಿಸಬೇಕು ಎಂದು ನನ್ನ ಆಸೆ. ಸೋಲಾಪುರಕ್ಕೆ ಕಳಿಸಲೇ? ಈ ಸಲ ಎರಡನೆಯ ಟಿಕೆಟ್ಟು ನಿಮ್ಮ ಮಾಸ್ತರರಿಗೇ ಕೊಡುತ್ತೇನೆ.

ದೌಲತ್

*

ಹಿರೋಳ್ಳಿ
೨೦ ಮಾರ್ಚ್ ೧೯೯೪

ದೌಲತರಾಯ ಸಾಹುಕಾರರಿಗೆ,

ಅಪ್ಪನ ಮಣ್ಣಿಗೆ ತಾವು ಜೀಪು ಮಾಡಿಕೊಂಡು ಬಂದಿರಿ. ಶಿವರಾತ್ರಿಯ ಒಳಗೆ ಬರುತ್ತೇನೆ ಎಂದು ಬರೆದವರು, ಶಿವರಾತ್ರಿ ಕಳೆದು ನಾಲ್ಕು ದಿನಕ್ಕೆ ಬಂದಿರಿ. ಅವ್ವ ನಿಮ್ಮ ಉಪಕಾರ ನೆನೆಯುತ್ತಿದ್ದಾಳೆ. ನಾನೂ ನೆನೆಯಬೇಕಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ಸಂಕ್ರಮಣದ ಪತ್ರವನ್ನು ನಾನು ಇಟ್ಟುಕೊಂಡಿದ್ದೆ. ಒಬ್ಬನ ಅಂಗೈಯಲ್ಲಿ ಕಟ್ಟಿ ಕೈ ಸುಟ್ಟುಕೊಂಡೆ ಎಂದು ಅದರಲ್ಲಿ ನೀವೇ ಬರೆದಿದ್ದೀರಿ. ಯಾರಿಗೋ ಹೇಳಿದ್ದನ್ನು ಬರೆಯುವ ಹುಕಿಯಲ್ಲಿ, ಅದನ್ನು ಓದುತ್ತಿರುವವನು ಯಾರು ಎಂಬುದನ್ನು ಮರೆತಿರಿ. ಅದನ್ನು ಅಪ್ಪನಿಗೆ ಓದಿ ಹೇಳಬಹುದು ಎಂದು ನನಗೆ ಕೂಡಲೇ ತೋಚಲಿಲ್ಲ. ನೀವು ಹೋಗುತ್ತೀರಿ, ನಿಮ್ಮ ಬಾಯಿಂದಲೇ ಅವರು ಕೇಳಲಿ ಎಂದು ಕಾದೆ. ಇನ್ನೂ ನಿಮ್ಮನ್ನು ನಂಬಿದ್ದೆ. ನನಗಿಂತ ದಡ್ಡ ಈ ಮೂರು ತಾಲೂಕಿನಲ್ಲಿ ಇರಲಿಕ್ಕಿಲ್ಲ.

ಅವ್ವ ಹೇಳಿ ಕಳಿಸಿದಾಗ ಓಡಿ ಬಂದೆ. ತಗಡಿನ ಕೆಳಗೆ ಅಪ್ಪ ಮಲಗಿದ್ದರು, ಮಾತು ನಿಂತುಹೋಗಿತ್ತು. ಈ ಸಲ ಹೊರಗೆ ನಿಲ್ಲಿಸುವ ಶಕ್ತಿ ಅವರಿಗಿರಲಿಲ್ಲ, ಆದ್ದರಿಂದ ನಾನು ಒಳಗೆ ಹೋದೆ. ಅವರು ನನ್ನ ಎಡಗೈಯನ್ನು ಎಳೆದುಕೊಂಡು ಬೆರಳುಗಳನ್ನು ಒಂದೊಂದಾಗಿ ಬಿಚ್ಚಿದರು. ಅಂಗೈ ನೋಡಿದರು. ಅಲ್ಲಿ ಏನೂ ಇರಲಿಲ್ಲ. ಕೈ ಬಿಟ್ಟರು.

ಆಮೇಲೆ ನಾನು ನಿಮ್ಮ ಪತ್ರವನ್ನು ತೆಗೆದು ಗಟ್ಟಿಯಾಗಿ ಓದಿದೆ. ಎಳ್ಳು ಬೆಲ್ಲದಿಂದ ಹಿಡಿದು ನಿಮ್ಮ ಸಹಿಯ ತನಕ ಓದಿದೆ. ಅವರು ಅಷ್ಟರಲ್ಲಿ ಆಚೆ ಮಗ್ಗುಲಿಗೆ ಹೊರಳಿದ್ದರು. “ಕೇಳಸ್ತದೋ ಇಲ್ಲೋ ಯಾರಿಗೆ ಗೊತ್ತಪ್ಪಾ, ನಿನ್ನಿಯಿಂದ ನನ್ನ ದನಿಗೂ ಓಗೊಟ್ಟಿಲ್ಲ” ಎಂದಳು ಅವ್ವ. ನಾನು ಇನ್ನೊಂದು ಸಲ ಓದಿದೆ. ಬೆಳಗಾಗುವ ಹೊತ್ತಿಗೆ ಅವರಿರಲಿಲ್ಲ. ಅವರಿಗೆ ಕೇಳಿಸಿತೋ ಇಲ್ಲವೋ ಎಂಬುದನ್ನು ಇನ್ನು ಯಾರೂ ನನಗೆ ಹೇಳಲಾರರು. ಆ ಒಂದು ಸಾಲಿನ ಕಾರ್ಡನ್ನು ನವೆಂಬರಿನಲ್ಲಿ ಹಾಕಿದ್ದರೆ ಅವರು ಕೂತು ಓದುತ್ತಿದ್ದರು. ಕನ್ನಡಕ ಒರೆಸಿಕೊಂಡು ಓದುತ್ತಿದ್ದರು.

ಗುಣಿಯ ಹತ್ತಿರ ನಡೆದದ್ದನ್ನು ನೀವು ನೋಡಿದ್ದೀರಿ. ಅಪ್ಪನನ್ನು ಕೂರಿಸಿ ಆಗಿತ್ತು. ಮೈಮೇಲೆ ಲಿಂಗ ಇಲ್ಲದವನು ಗುಣಿಗೆ ಇಳಿಯಬಹುದೇ ಎಂದು ಯಾರೋ ಕೇಳಿದರು. ಎಲ್ಲರೂ ನಿಮ್ಮ ಮುಖ ನೋಡಿದರು. ನೀವು, “ಇಳೀಲಿ ಬಿಡ್ರಿ. ಏನ ತಪ್ಪು ಮಾಡಿದ್ರೂ ಮಗಾ ಅಲ್ಲೇನು ಪಾಪ” ಎಂದಿರಿ. ಊರಿನವರು ನಿಮ್ಮ ದೊಡ್ಡ ಮನಸ್ಸಿಗೆ ತಲೆದೂಗಿದರು. ನನ್ನ ಅಪ್ಪನ ಗುಣಿಗೆ ನಾನು ನಿಮ್ಮ ಅಪ್ಪಣೆ ಪಡೆದು ಇಳಿದೆ.

ಅಯ್ಯನವರು ಅಪ್ಪನ ಲಿಂಗವನ್ನು ಅವರ ಎಡ ಅಂಗೈಯಲ್ಲಿಟ್ಟು, ಮುಷ್ಟಿ ಮುಚ್ಚಲು ನನಗೆ ಹೇಳಿದರು. ಬೆರಳು ಆಗಲೇ ಬಿರುಸಾಗಿದ್ದವು. ಮೇಲಿನಿಂದ ನೀವು ಬಗ್ಗಿ, “ಬಿಗಿಯಾಗಿ ಮುಚ್ಚು. ಜಾರಬಾರದು” ಎಂದಿರಿ. ನಾನು ತಲೆಯೆತ್ತಿ ನಿಮ್ಮನ್ನು ನೋಡಿದೆ. ನಿಮಗೆ ಏನೂ ನೆನಪಾದಂತೆ ಕಾಣಲಿಲ್ಲ. ಅದೇ ಮಾತು, ಅದೇ ದನಿ, ಕಣ್ಣಲ್ಲಿ ಅದೇ ನೀರು ಕೂಡ.

ನಾನು ಅಪ್ಪನ ಬೆರಳುಗಳನ್ನು ಒಂದೊಂದಾಗಿ ಮಡಿಸಿದೆ. ಸುತ್ತ ಅಷ್ಟು ಜನ ನಿಂತಿದ್ದರು. ಆ ಮುಷ್ಟಿಯಲ್ಲಿ ಏನಿದೆ ಎಂದು ಯಾರೂ ಕೇಳಲಿಲ್ಲ, ಬಿಚ್ಚಿ ತೋರಿಸು ಎನ್ನಲಿಲ್ಲ. ಊರಿಗೆ ಊರೇ ಬಲ್ಲದು. ಬ್ಯಾಂಕಾಕಿನಲ್ಲಿ ನನ್ನ ಮುಷ್ಟಿ ಬಿಚ್ಚಿದಾಗ ಅಷ್ಟು ದೊಡ್ಡ ಸಭೆಯಲ್ಲಿ ಅದನ್ನು ಬಲ್ಲವರು ನೀವೊಬ್ಬರೇ ಇದ್ದಿರಿ.

ಅಣವೀರಪ್ಪನವರ ಮಗ,
ಶಿವರಾಯ